ರೊಮೆಲನಿಗೆ ಬಡಿಸಿದ ಎಲೆ

ಬಜಪೆಯ ಬಾಗಿಲು

ಟಿಕೇಟು ಇಬ್ಬರಿಗೆ ಮಾಡಿಸಿದ್ದೆವು. ಹೋದದ್ದು ನಾನೊಬ್ಬಳೇ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಸಿಪಾಯಿ ಪಾಸ್‌ಪೋರ್ಟ್ ನೋಡಿ ಒಳಗೆ ಬಿಡುವ ಜಾಗದವರೆಗೂ ತಮ್ಮ ವಸಂತ ನನ್ನ ಹಿಂದೆಯೇ ಬಂದ. ನನ್ನ ಸರದಿ ಮುಗಿದು ತಿರುಗಿ ನೋಡಿದರೆ ಅವನು ಬದಿಗೆ ಸರಿದು ಹಿಂದಿದ್ದ ಕುಟುಂಬಕ್ಕೆ ದಾರಿ ಬಿಡುತ್ತಿದ್ದ. ಅವರ ಹಿಂದಿನವರಿಗೂ ಬಿಟ್ಟ.

"ಅಕ್ಕ, ನೀನು ಹೋಗು. ನನ್ನಿಂದ ಆಗುವುದಿಲ್ಲ" ಎಂದ.

"ಪೈವಳಿಕೆಯಿಂದ ಇಲ್ಲಿವರೆಗೆ ಬಂದು ಎಂತ ಮಾರಾಯ ಇದು?"

"ಅವರ ಎದುರು ನಿಂತು ಎಂತ ಹೇಳುವುದು? ನಾನು ಬಂದಿದ್ದೇನೆ, ನಿಮ್ಮ ಮಗ ಬರಲಿಲ್ಲ ಅಂತಲಾ?"

ಸಿಪಾಯಿ ನಮ್ಮಿಬ್ಬರನ್ನೂ ನೋಡಿದ. ವಸಂತ ಗಾಜಿನ ಬಾಗಿಲಿನ ಹೊರಗಿನಿಂದ ಸ್ವಲ್ಪ ಗಟ್ಟಿಯಾಗಿ ಹೇಳಿದ: "ಒಂದು ಮಾತ್ರ ಹೇಳು. ನನಗೆ ಹಸಿವಾಗಿತ್ತು ಅಂತ ಹೇಳು. ಅದನ್ನು ಮಾತ್ರ ಬಿಡಬೇಡ."

ಅವನು ಹೇಳಿದ್ದು ಏನೆಂದು ಓದುವವರಿಗೆ ತಿಳಿಯಬೇಕಾದರೆ ಹಿಂದಿನ ವರ್ಷದ ಘಟನೆಯನ್ನು ಹೇಳಬೇಕು. ನಾನು ಅದನ್ನು ಕಂಡವಳಲ್ಲ. ಕಂಡವನು ಗಲ್ಫಿನಲ್ಲಿ ಅವನ ಜೊತೆಗೇ ಕೆಲಸಕ್ಕಿದ್ದ ಉಪ್ಪಳದ ಹಮೀದ್; ಆ ದಿನ ಮೇಲೆ ನಿಂತು ಹಗ್ಗ ಎಳೆದವನು. ಊರಿಗೆ ಬಂದಾಗ ನಮ್ಮ ಜಗಲಿಯಲ್ಲಿ ಕೂತು ಅವನು ಹೇಳಿದಷ್ಟನ್ನೇ ಬರೆಯುತ್ತೇನೆ.

ಗಲ್ಫಿನಲ್ಲಿ ವಸಂತನದು ಕೊಳಚೆ ನೀರಿನ ಗುಂಡಿಗಳನ್ನು ಶುಚಿ ಮಾಡುವ ಕೆಲಸ. ಅವನ ಜೊತೆಗಾರ ರೊಮೆಲ್, ಫಿಲಿಪ್ಪೀನ್ಸಿನವನು. ಗುಂಡಿಗೆ ಇಳಿಯುವ ಮೊದಲು, ಒಳಗಿನ ವಿಷಗಾಳಿ ಹೋಗಲೆಂದು, ಗಾಳಿ ಊದುವ ಫ್ಯಾನನ್ನು ಇಳಿಸಿ ಸ್ವಲ್ಪ ಹೊತ್ತು ಕಾಯಬೇಕು. ಆ ದಿನ ಊಟದ ಹೊತ್ತಾಗಿತ್ತು. ರೊಮೆಲ್ ಕೈ ತೊಳೆದು ಬುತ್ತಿ ಬಿಚ್ಚಿ, "ಕಾಯಿನ್ ತಾಯೋ" ಎಂದು ಕರೆದ. ಊಟ ಮಾಡುವ ಬನ್ನಿ ಎಂದು ಅದರ ಅರ್ಥ. ವಸಂತ, ಒಂದು ಪೈಪು ಬಿಡಿಸಿದರೆ ಮುಗಿಯಿತು, ಮುಗಿಸಿಯೇ ಉಣ್ಣುತ್ತೇನೆ ಎಂದು ಫ್ಯಾನಿಗೆ ಕಾಯದೆ ಇಳಿದ. ಇಳಿದವನು ಕೆಳಗೇ ಕುಸಿದ. ರೊಮೆಲ್ ಬುತ್ತಿ ಬಿಟ್ಟು, ಮುಖಕ್ಕೆ ಒದ್ದೆ ಕರವಸ್ತ್ರ ಕಟ್ಟಿ ಇಳಿದ. ವಸಂತನ ಕಂಕುಳಿನ ಅಡಿಯಲ್ಲಿ ಹಗ್ಗ ಸುತ್ತಿ ಕಟ್ಟಿ, ಎರಡು ಸಲ ಜಗ್ಗಿದ. ಮೇಲಿದ್ದವರು ಎಳೆದರು. ಇದ್ದದ್ದು ಒಂದೇ ಹಗ್ಗ. ವಸಂತನನ್ನು ಬಿಡಿಸಿ ಹಗ್ಗವನ್ನು ಮತ್ತೆ ಇಳಿಸಿದಾಗ ಅದು ಅಲ್ಲಾಡಲಿಲ್ಲ.

ವಸಂತ ಊರಿಗೆ ಬಂದ. ಬಂದವನ ಗಂಟಲಿನಲ್ಲಿ ಅನ್ನ ಇಳಿಯುವುದಿಲ್ಲ. ಗಂಟಲಿಗೆ ಏನೂ ಆಗಿಲ್ಲ. ನಳಿಕೆ ಹಾಕಿ ನೋಡಿದ್ದಾರೆ. ತುತ್ತು ಬಾಯಿಗೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ, ಅವನು ಎದ್ದು ಹೋಗಿ ಉಗಿದು ಬರುತ್ತಾನೆ. ಗಂಜಿಯ ತಿಳಿಯಲ್ಲಿ ದಿನ ಕಳೆಯುತ್ತದೆ. ಕಾಸರಗೋಡಿನ ಡಾಕ್ಟರು ಮಾತ್ರೆ ಬರೆದು ಕೊಟ್ಟು, ನನ್ನೊಬ್ಬಳನ್ನೇ ಕರೆದು, "ಹೀಗೇ ಹೋದರೆ ಮುಂದಿನ ಮಳೆಗಾಲ ಕಾಣುವುದು ಸಂಶಯ ಟೀಚರ್" ಎಂದಿದ್ದರು.

ಮನೆಯಲ್ಲಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಸರಿಸಿ, ದೂರದ ಊರಿನ, ಬೇರೆ ಮತದ ಒಂದು ಪ್ರೇತ ಹುಡುಗನ ಬೆನ್ನು ಬಿಟ್ಟಿಲ್ಲ, ಉಚ್ಚಾಟನೆ ಆಗಬೇಕು ಎಂದರು. ಬಾಗಿಲಿನ ಹಿಂದೆ ನಿಂತಿದ್ದ ವಸಂತ ಹೊರಗೆ ಬಂದ. "ನನ್ನನ್ನು ಮೇಲೆ ಕಳಿಸಿದವನನ್ನು ಓಡಿಸುವುದಾ? ಓಡಿಸುವುದಾದರೆ ನನ್ನನ್ನೂ ಓಡಿಸಿ." ಜೋಯಿಸರು ಕವಡೆ ಕಟ್ಟಿಕೊಂಡರು.

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದ ಮನೆಯವರಿಗೆ, ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಆ ಸಲ ಅಮ್ಮ ಒಂದು ಎಲೆ ಹೆಚ್ಚು ಹಾಕಿದರು. ಕೋಳಿ, ಮೀನು, ಅನ್ನ ಎಲ್ಲ ಬಡಿಸಿ ಬಾಗಿಲು ಮುಚ್ಚಿ ಹೊರಗೆ ಬಂದು, "ಆ ಮಗುವಿಗೆ ಎಂತ ಇಷ್ಟವೋ, ಸುಮ್ಮನೆ ನಮ್ಮದೇ ಬಡಿಸಿದೆ" ಎಂದರು.

ರೊಮೆಲನ ಅಕ್ಕ ಲಿಗಾಯ, ಮೊದಲ ವರ್ಷ ತುಂಬುವ ದಿನಕ್ಕೆ ಬನ್ನಿ ಎಂದು ಫೋನ್ ಮಾಡಿದಾಗ ಅಮ್ಮ ನನಗೆ ಎರಡು ಕೆಲಸ ಹೇಳಿದರು. ನಮ್ಮ ಗದ್ದೆಯ ಕುಚ್ಚಲಕ್ಕಿ ಒಂದು ಸೇರು ಅವರ ಮನೆಗೆ ಮುಟ್ಟಿಸಬೇಕು. ಮತ್ತು ಅವನಿಗೆ ಯಾವುದು ಇಷ್ಟ ಎಂದು ಕೇಳಿಕೊಂಡು ಬರಬೇಕು.

ಮನಿಲಾ

ಅಕ್ಕಿ ವಿಮಾನ ನಿಲ್ದಾಣದಿಂದ ಹೊರಗೆ ಬರಲಿಲ್ಲ.

ಕಸ್ಟಮ್ಸಿನ ಹೆಂಗಸು ಬಟ್ಟೆಯ ಗಂಟನ್ನು ಬಿಚ್ಚಿ ಕೈಯಲ್ಲಿ ನಾಲ್ಕು ಕಾಳು ಹಿಡಿದು ನೋಡಿದಳು. ಕೆಂಪಕ್ಕಿ ನೋಡಿ ಅವಳಿಗೆ ಬೀಜವೆಂದು ಅನಿಸಿರಬೇಕು. ಬೇಯಿಸಿದ ಭತ್ತದ್ದು, ಮೊಳೆಯುವುದಿಲ್ಲ ಎಂದು ವಿವರಿಸಿದೆ. ಅವಳು ನನ್ನ ಪಾಠವನ್ನು ಪೂರ್ತಿ ಕೇಳಿದಳು. ಆಮೇಲೆ ತುಂಬ ಮರ್ಯಾದೆಯಿಂದ, "ನಮ್ಮಲ್ಲಿಯೂ ಅಕ್ಕಿ ಉಂಟು ಮೇಡಂ" ಎಂದು ಹೇಳಿ ಗಂಟನ್ನು ಒಂದು ನೀಲಿ ಡಬ್ಬಿಗೆ ಹಾಕಿದಳು. ಅದರಲ್ಲಿ ಯಾರದೋ ಮಾವಿನಹಣ್ಣು, ಯಾರದೋ ಮಾಂಸದ ಪೊಟ್ಟಣ ಇದ್ದವು. ಸತ್ತವನಿಗೆಂದು ಅಮ್ಮ ಕೊಟ್ಟದ್ದು ಅವುಗಳ ಮೇಲೆ ಕೂತಿತು.

ಬಂದ ಕಾರಣವೇನು ಎಂದು ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವನು ಮೊದಲೇ ಕೇಳಿದ್ದ. ವರ್ಷದ ಕಾರ್ಯ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೋ ಹೇಳಿದ್ದೆ. "ಸಂಬಂಧಿಕರಾ?" ಎಂದ. ಸ್ವಲ್ಪ ಯೋಚಿಸಿ ಹೌದು ಎಂದೆ. ಅದು ಸುಳ್ಳೆಂದು ಈಗಲೂ ನನಗೆ ಅನಿಸುವುದಿಲ್ಲ.

ಉತ್ತರದ ರಸ್ತೆ, ಶುಭ ಶುಕ್ರವಾರ

ಊರಲ್ಲಿ ಶುಭ ಶುಕ್ರವಾರವೆಂದರೆ ನಮಗೆ ಶಾಲೆಗೆ ರಜೆ, ಅಷ್ಟೇ. ಅಲ್ಲಿ ಇಡೀ ಪೇಟೆಯೇ ಮನೆಯವರು ತೀರಿಹೋದ ಹಾಗೆ ಬಾಗಿಲು ಹಾಕಿಕೊಂಡಿತ್ತು. ಬಸ್ಸುಗಳು ಕಡಿಮೆ. ಲಿಗಾಯ ನಿಲ್ದಾಣಕ್ಕೆ ಬಂದು ನನ್ನನ್ನು ಹುಡುಕಿದಳು. ಅವಳೂ ಹಿಂದೆ ಗಲ್ಫಿನಲ್ಲಿ ಆಸ್ಪತ್ರೆಯ ಆಯಾ ಆಗಿದ್ದವಳು, ಇಂಗ್ಲಿಷು ಚೆನ್ನಾಗಿ ಬರುತ್ತದೆ. ಅವಳು ಮೊದಲು ನೋಡಿದ್ದು ನನ್ನ ಬೆನ್ನ ಹಿಂದೆ.

"ಅವನು?"

"ಬರಲಿಲ್ಲ."

ಅವಳು ತಲೆ ಆಡಿಸಿದಳು. ನನ್ನ ಚೀಲ ತೆಗೆದುಕೊಂಡಳು. ಇಲ್ಲಿಂದ ಮುಂದೆ ಅವರೆಲ್ಲ ಆಡಿದ ಮಾತನ್ನು ನಮ್ಮ ಊರಿನ ಬಾಯಲ್ಲಿ ಬರೆಯುತ್ತೇನೆ. ನನಗೆ ಅದು ಹಾಗೆಯೇ ಕೇಳಿಸಿತು.

ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕ ಒಂದು ಪೊಟ್ಟಣ ಬಿಚ್ಚಿ, ತಿನ್ನುವ ಮೊದಲು ನನ್ನ ಕಡೆ ತಿರುಗಿ, "ಕಾಯಿನ್ ತಾಯೋ" ಎಂದ. ನಾನು ತಿರುಗಿ ಲಿಗಾಯಳ ಮುಖ ನೋಡಿದೆ. ಆಮೇಲೆ ಗಮನಿಸಿದೆ, ಅಲ್ಲಿ ಎಲ್ಲರೂ ಎಲ್ಲರಿಗೂ ಹಾಗೆಯೇ ಹೇಳುತ್ತಾರೆ. ನಾವು ದಾರಿಯಲ್ಲಿ ಸಿಕ್ಕವರಿಗೆ ಊಟ ಆಯಿತಾ ಎನ್ನುವುದಿಲ್ಲವೇ, ಅದೇ ರೀತಿ. ನಾವು ಆಗಿಹೋದದ್ದನ್ನು ಕೇಳುತ್ತೇವೆ, ಅವರು ಪಾಲಿಗೆ ಕರೆಯುತ್ತಾರೆ. ವಸಂತ ಗಲ್ಫಿನಲ್ಲಿ ದಿನವೂ ಕೇಳಿದ, ಕೊನೆಗೆ ಕೇಳಿದ ಮಾತು, ಬಾಳೆಹಣ್ಣಿನ ಸಿಹಿ ವಾಸನೆಯ ಆ ಬಸ್ಸಿನಲ್ಲಿ ಎಲ್ಲ ಕಡೆಯೂ ಕೇಳಿಸುತ್ತಿತ್ತು.

ಒಂದು ಕಡೆ ಬಸ್ಸು ನಿಂತಿತು. ರಸ್ತೆಯ ಮೇಲೆ ಬರಿಗಾಲಿನ ಗಂಡಸರು ಸಾಲಾಗಿ ಬರುತ್ತಿದ್ದರು. ಮುಖದ ಮೇಲೆ ಬಟ್ಟೆ, ತಲೆಗೆ ಬಳ್ಳಿ ಸುತ್ತಿದ ಕಿರೀಟ. ತುದಿಗೆ ಬಿದಿರಿನ ತುಂಡುಗಳನ್ನು ಕಟ್ಟಿದ ಹಗ್ಗದಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಮ್ಮ ಬೆನ್ನಿಗೇ ಹೊಡೆದುಕೊಳ್ಳುತ್ತಿದ್ದರು. ಬೆನ್ನುಗಳು ಕೆಂಪಾಗಿದ್ದವು. ಬಿದಿರು ಚರ್ಮಕ್ಕೆ ತಾಗುವ ಸದ್ದು ಒಣ ಸದ್ದಲ್ಲ. ನನ್ನ ಕಿಟಕಿಯ ಗಾಜಿಗೆ ಸಣ್ಣ ಹನಿಗಳು ಹಾರಿದವು. ಡ್ರೈವರು ವೈಪರ್ ಹಾಕಿ ಮುಂದಿನ ಗಾಜು ಒರೆಸಿದ.

ನಮ್ಮ ಕಡೆ ಒತ್ತೆಕೋಲ ಎಂಬ ದೈವದ ಉತ್ಸವದಲ್ಲಿ ದೈವ ಕೆಂಡದ ರಾಶಿಗೆ ಬೀಳುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಮೈ ಸುಡುವುದು ನನಗೆ ಹೊಸತಲ್ಲ. ಆದರೆ ಅಲ್ಲಿ ಬೀಳುವುದು ದೈವ. ಇಲ್ಲಿ ಹೊಡೆದುಕೊಳ್ಳುತ್ತಿದ್ದವರು ಬಸ್ ಕಂಡಕ್ಟರು, ಗಾರೆ ಕೆಲಸದವರು.

"ಆ ಉದ್ದದವನು ನಮ್ಮ ಚಿಕ್ಕಪ್ಪನ ಮಗ" ಎಂದು ಲಿಗಾಯ ಬೆರಳು ತೋರಿಸಿದಳು. "ರೊಮೆಲನಿಗೋಸ್ಕರ ಹರಕೆ ಹೊತ್ತಿದ್ದಾನೆ. ಅಮ್ಮನಿಗೆ ಹೇಳಬೇಡಿ. ಅವರಿಗೆ ಸಿಟ್ಟು ಬರುತ್ತದೆ."

"ಅವನು ಮಾಡಿದ ತಪ್ಪೆಂತ?"

"ಅವನೇ ರೊಮೆಲನನ್ನು ಗಲ್ಫಿಗೆ ಕಳಿಸಿದ್ದು."

ಓದುವ ಮನೆ

ರೊಮೆಲನ ಮನೆಯ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿ, ಯೇಸುವಿನ ಕಷ್ಟಮರಣದ ಕಥೆಯನ್ನು ರಾಗವಾಗಿ ಓದುತ್ತಿದ್ದರು. ಇಬ್ಬರು ಹೆಂಗಸರು ದಣಿದರೆ ಬೇರೆ ಇಬ್ಬರು ಕೂರುತ್ತಾರೆ, ಓದು ನಿಲ್ಲಬಾರದು. ನಮ್ಮ ತಾಳಮದ್ದಳೆಯಂತೆ ಯಾರೂ ಅರ್ಥ ಹೇಳುವುದಿಲ್ಲ, ವಾದ ಮಾಡುವುದಿಲ್ಲ. ಒಂದೇ ರಾಗ ಹೋಗಿ ಬರುತ್ತದೆ. ಬಂದವರಿಗೆಲ್ಲ ಆ ಮನೆಯವರು ಊಟ ಹಾಕಬೇಕು.

ಬಡಿಸುತ್ತಿದ್ದವರೇ ರೊಮೆಲನ ತಾಯಿ. ಅಲ್ಲಿ ಎಲ್ಲರೂ ಅವರನ್ನು ನಾನಾಯ್ ಎನ್ನುತ್ತಿದ್ದರು. ಅಮ್ಮ ಎಂದೇ ಅರ್ಥ. ಕುಳ್ಳು ದೇಹ, ಮೇಲಿನಿಂದ ಕೆಳಗಿನವರೆಗೂ ಕಪ್ಪು ಬಟ್ಟೆ. ಮಗ ಸತ್ತ ದಿನದಿಂದ ವರ್ಷ ತುಂಬುವವರೆಗೆ ಕಪ್ಪು ಉಡುವುದು, ತುಂಬಿದ ದಿನ ಅದನ್ನು ಕಳಚಿ ಬಣ್ಣದ್ದು ಉಡುವುದು ಅವರ ಕ್ರಮ. ವರ್ಷ ತುಂಬುವುದು ಮರುದಿನ ಶನಿವಾರಕ್ಕೆ. ನಮ್ಮ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮನೆಗಳಲ್ಲಿ ಹದಿಮೂರು ದಿನದೊಳಗೆ ಮುಗಿಸಿಬಿಡುವುದನ್ನು ಇವರು ವರ್ಷವಿಡೀ ಮೈಮೇಲೆ ಹೊರುತ್ತಾರೆ.

ಅವರು ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, ಲಿಗಾಯಳಿಗೆ ಏನೋ ಕೇಳಿದರು. ಉತ್ತರ ಕೇಳಿ ಎಲ್ಲರಿಗೂ ಬಡಿಸುತ್ತ ಹೋದರು. ನನ್ನನ್ನು ದಾಟಿ ಹೋದರು. ನನ್ನ ತಟ್ಟೆಯನ್ನು ಆಮೇಲೆ ಲಿಗಾಯ ತಂದಳು.

ಚಪ್ಪರದ ಮೂಲೆಯಲ್ಲಿ ಊರಿನ ಮುದಿ ಪಾದ್ರಿ ಸಕ್ಕರೆ ಹಾಕದ ಕಾಫಿ ಕುಡಿಯುತ್ತ ಕೂತಿದ್ದರು. ದಾರಿಯಲ್ಲಿ ಕಂಡದ್ದನ್ನು ಅವರಿಗೆ ಹೇಳಿದೆ. ಅವರಿಗೆ ಅದು ಇಷ್ಟವಿಲ್ಲ. ಪ್ರತಿ ವರ್ಷ ಬೇಡವೆನ್ನುತ್ತಾರಂತೆ, ಪ್ರತಿ ವರ್ಷ ಹೊಡೆದುಕೊಳ್ಳುತ್ತಾರಂತೆ.

"ನಮ್ಮಲ್ಲಿ ತಪ್ಪಿಗೆ ತಪ್ಪು ಕಾಣಿಕೆ ಹಾಕುತ್ತೇವೆ" ಎಂದೆ. "ದೈವ ಎದುರು ನಿಂತು, ಇಲ್ಲಿಗೆ ಮುಗಿಯಿತು ಎಂದು ನುಡಿ ಕೊಡುತ್ತದೆ. ತಪ್ಪು ಮಾಡಿದವನೇ ಹಾಕಬೇಕು."

"ನಮ್ಮಲ್ಲಿ ತಪ್ಪು ಮಾಡದ ಒಬ್ಬ ಎಲ್ಲರದ್ದನ್ನೂ ಹೊತ್ತ. ಮುಗಿಯಿತು ಎಂದು ಶಿಲುಬೆಯ ಮೇಲಿಂದ ಅವನೇ ಹೇಳಿದ. ಇನ್ನು ಹಾಕಲಿಕ್ಕೆ ಎಂತದೂ ಉಳಿದಿಲ್ಲ."

"ಮತ್ತೆ ಇವರು ಯಾಕೆ ಹೊಡೆದುಕೊಳ್ಳುವುದು?"

"ಉಳಿದಿಲ್ಲ ಎಂದರೆ ಮನುಷ್ಯನಿಗೆ ಕೈ ಎಲ್ಲಿಡಬೇಕು ಎಂದು ಗೊತ್ತಾಗುವುದಿಲ್ಲ ಟೀಚರ್. ಬೆನ್ನಿಗೆ ಹೊಡೆದುಕೊಂಡರೆ ಕೈಗೊಂದು ಕೆಲಸ."

ವಸಂತನ ವಿಷಯ ಹೇಳಿದೆ. ಅವನಿಗೆ ಎಚ್ಚರವಿರಲಿಲ್ಲ; ತನಗೋಸ್ಕರ ಒಬ್ಬ ಇಳಿದದ್ದು, ಹಗ್ಗ ಕಟ್ಟಿದ್ದು, ಯಾವುದನ್ನೂ ಅವನು ನೋಡಲಿಲ್ಲ. ಬೇಡ ಎನ್ನಲಿಕ್ಕೂ ಆಗಲಿಲ್ಲ. ಅದೇ ಅವನನ್ನು ತಿನ್ನುತ್ತಿದೆ ಎಂದೆ.

ಪಾದ್ರಿ ಕಾಫಿಯ ಲೋಟವನ್ನು ಕೆಳಗಿಟ್ಟರು. "ನಮಗೂ ಯಾರಿಗೂ ಎಚ್ಚರವಿರಲಿಲ್ಲ. ಯಾರೂ ಕೇಳಿಕೊಂಡಿರಲಿಲ್ಲ. ಅವನು ಇಳಿದ. ರಕ್ಷಣೆ ಎಂದು ನಾವು ಹೇಳುವುದು ಅದನ್ನೇ."

"ತೀರಿಸುವುದು ಹೇಗೆ?"

"ತೀರಿಸಲಿಕ್ಕಿಲ್ಲ. ತೀರಿಸಲು ಹೊರಟರೆ ಅವನು ಇಳಿದದ್ದು ಸಾಲಲಿಲ್ಲ ಎಂದ ಹಾಗೆ. ತೆಗೆದುಕೊಳ್ಳಬೇಕು. ಅದು ಹೊಡೆದುಕೊಳ್ಳುವುದಕ್ಕಿಂತ ಕಷ್ಟ."

ನಾನಾಯ್ ಯಾವಾಗ ಬಂದು ನಿಂತರೋ ತಿಳಿಯಲಿಲ್ಲ. ಕೈಯಲ್ಲಿ ಅನ್ನದ ಪಾತ್ರೆ ಇತ್ತು. ಅವರಿಗೂ ಇಂಗ್ಲಿಷು ಅಷ್ಟಿಷ್ಟು ತಿಳಿಯುತ್ತದೆ. ಅವರು ಪಾದ್ರಿಗೆ ತಮ್ಮ ಭಾಷೆಯಲ್ಲಿ, ದನಿ ಏರಿಸದೆ ಏನೋ ಹೇಳಿದರು. ಓದುತ್ತಿದ್ದ ಹೆಂಗಸರಲ್ಲಿ ಒಬ್ಬಳು ತಲೆ ಎತ್ತಿ ನೋಡಿ ಮತ್ತೆ ಓದಿಗೆ ಇಳಿದಳು. ಎಂತ ಹೇಳಿದರು ಎಂದು ಲಿಗಾಯಳನ್ನು ಕೇಳಿದೆ. ಅವಳು ಹೇಳಲು ಹಿಂಜರಿದಳು. ಪಾದ್ರಿಯೇ, "ಹೇಳು, ಅವರು ಅದಕ್ಕಾಗಿಯೇ ಬಂದದ್ದು" ಎಂದರು.

"ಅಮ್ಮ ಹೇಳಿದ್ದು: ಯೇಸುವಿನ ತಂದೆಗೆ ಮಗ ಮೂರನೇ ದಿನ ವಾಪಸ್ ಸಿಕ್ಕಿದ. ಮೂರನೇ ದಿನ ನನ್ನ ಮಗ ಶವಾಗಾರದ ಪೆಟ್ಟಿಗೆಯಲ್ಲಿದ್ದ. ಆ ತಂದೆ ಕೊಟ್ಟ. ನಾನು ಕೊಡಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ."

ಪಾದ್ರಿ, "ಹೌದು ನಾನಾಯ್" ಎಂದರು. ಆ ಮನುಷ್ಯನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗ.

ಎರಡು ಸಲ

ಸಂಜೆ ಹೊತ್ತು ಕಂತುವ ಮೊದಲು ನಾನಾಯ್ ನನ್ನನ್ನು ಹಿತ್ತಲಿಗೆ ಕರೆದರು. ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಎರಡು ಪ್ಲಾಸ್ಟಿಕ್ ಸ್ಟೂಲು. ಲಿಗಾಯ ನಡುವೆ ನಿಂತಳು.

"ಕಂಪನಿಯವರು ಮೂರು ಸಲ ಮೂರು ಥರ ಹೇಳಿದರು" ಎಂದರು ನಾನಾಯ್. "ನೀನು ನಿನಗೆ ಗೊತ್ತಿದ್ದಷ್ಟೇ ಹೇಳು. ಕೂಗಿದನಾ?"

"ಕೂಗಲಿಲ್ಲ. ಹಗ್ಗ ಎಳೆದವನು ಹೇಳಿದ್ದು, ಕೆಳಗಿನಿಂದ ಮಾತು ಬರಲಿಲ್ಲ. ಹಗ್ಗವನ್ನು ಎರಡು ಸಲ ಜಗ್ಗಿದ. ಅಷ್ಟೇ ಯಾರಿಗಾದರೂ ಗೊತ್ತಿರುವುದು."

ಅವರು ಎದ್ದು ಒಣಗಿದ್ದ ಒಂದು ಉದ್ದದ ಟವೆಲನ್ನು ಎಳೆದುಕೊಂಡರು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇನ್ನೊಂದನ್ನು ತಮ್ಮ ಮುಂಗೈಗೆ ಸುತ್ತಿಕೊಂಡರು. "ಹೇಗೆ? ತೋರಿಸು."

ನನಗೆ ಹಮೀದ್ ಜಗಲಿಯಲ್ಲಿ ಕೂತು ತೋರಿಸಿದ್ದು ನೆನಪಿತ್ತು. ಗಟ್ಟಿಯಾಗಿ ಅಲ್ಲ. ಒಂದು, ಸ್ವಲ್ಪ ತಡೆದು ಇನ್ನೊಂದು. ಜಗ್ಗಿದೆ.

ನಾನಾಯ್ ಕಣ್ಣು ಮುಚ್ಚಿದರು. "ಇನ್ನೊಮ್ಮೆ."

ಜಗ್ಗಿದೆ. ಎಷ್ಟು ಸಲ ಇನ್ನೊಮ್ಮೆ ಎಂದರೋ ನಾನು ಲೆಕ್ಕ ಇಡಲಿಲ್ಲ. ಪ್ರತಿ ಸಲ ಅವರ ಕೈ ನನ್ನ ಕಡೆ ಸ್ವಲ್ಪ ಬರುತ್ತಿತ್ತು. ಲಿಗಾಯ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಮುಂದಿನ ಅಂಗಳದಲ್ಲಿ ಓದು ನಡೆದೇ ಇತ್ತು.

ಕೊನೆಗೆ ಅವರು ಟವೆಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ವಸಂತ ಹೇಳಬೇಕೆಂದದ್ದನ್ನು ನಾನು ಆಗ ಹೇಳಿದೆ. ಫ್ಯಾನಿಗೆ ಕಾಯಬೇಕಿತ್ತು, ಕಾಯಲಿಲ್ಲ. ನಿಮ್ಮ ಮಗ ಊಟಕ್ಕೆ ಕರೆದಿದ್ದ. ಇವನಿಗೆ ಹಸಿವಾಗಿತ್ತು, ಬೇಗ ಮುಗಿಸುತ್ತೇನೆಂದು ಇಳಿದ. ಇದನ್ನು ಬಿಡದೆ ಹೇಳಬೇಕೆಂದು ಅವನೇ ಹೇಳಿ ಕಳಿಸಿದ್ದಾನೆ.

ಲಿಗಾಯ ಅದನ್ನು ಅವರ ಭಾಷೆಗೆ ತಿರುಗಿಸುವಾಗ ನಡುವೆ ನಿಂತಳು. ಅವಳಿಗೂ ಅದು ಹೊಸ ಸುದ್ದಿ. ಅವಳು ಮುಗಿಸಿದ ಮೇಲೆ ನಾನಾಯ್ ನನ್ನ ಕಾಲಿನ ಕಡೆ ನೋಡಿದರು.

"ಒಂದು ಊಟಕ್ಕೆ" ಎಂದರು.

ಎದ್ದು ಒಳಗೆ ಹೋದರು. ಆ ರಾತ್ರಿ ಅವರು ಮತ್ತೆ ಹೊರಗೆ ಬರಲಿಲ್ಲ. ಬಂದವರಿಗೆ ನೆರೆಯವರು ಬಡಿಸಿದರು.

ಶನಿವಾರ

ಆ ಶನಿವಾರ ಅವರ ದೇವರು ಸತ್ತು ಗೋರಿಯಲ್ಲಿರುವ ದಿನ. ಇಗರ್ಜಿಯಲ್ಲಿ ಪೂಜೆ ಇಲ್ಲ, ಗಂಟೆ ಇಲ್ಲ. ಪ್ರಾರ್ಥನೆಗೆ ಕರೆಯಲು ಮರದ ಪಟ್ಟಿಯನ್ನು ಕಟಕಟ ಬಾರಿಸುತ್ತಾರೆ. ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆಯ ಮುಸುಕು. ನಮ್ಮಲ್ಲಿ ದೇವರಿಗೆ ಬಾಗಿಲು ಹಾಕುವುದುಂಟು, ಗ್ರಹಣ ಬಂದಾಗ, ಸೂತಕ ಬಂದಾಗ. ದೇವರೇ ಸತ್ತು ಖಾಲಿ ಬಿದ್ದ ಗುಡಿಯನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಯಾರನ್ನೂ ಬೇಡಿಕೊಳ್ಳಲು ಇಲ್ಲದ ಜಾಗದಲ್ಲಿ ಸುಮ್ಮನೆ ಕೂರಲು ಆಗುತ್ತದೆ.

ಪೂಜೆ ಇಲ್ಲದ್ದರಿಂದ ಪಾದ್ರಿ ಮನೆಗೇ ಬಂದು ಪ್ರಾರ್ಥನೆ ಹೇಳಿದರು. ರೊಮೆಲನ ಫೋಟೋ ಒಂದು ಮೇಜಿನ ಮೇಲೆ. ಅಗಲ ಮುಖ, ಮುಂದಿನ ಹಲ್ಲುಗಳ ನಡುವೆ ಸಂದು. ಪಕ್ಕದ ಕುರ್ಚಿಯಲ್ಲಿ ನಾನಾಯ್‌ಗೆಂದು ಹೂವಿನ ಚಿತ್ರದ ಹೊಸ ರವಕೆ ಮಡಿಸಿಟ್ಟಿತ್ತು. ಪ್ರಾರ್ಥನೆ ಮುಗಿದು ಹೆಂಗಸರೆಲ್ಲ ಕಾದರು. ನಾನಾಯ್ ಅದನ್ನು ಮುಟ್ಟಲಿಲ್ಲ. ಒಳಗೆ ಹೋಗಿ ಒಂದು ತಟ್ಟೆ ತಂದು ಫೋಟೋದ ಮುಂದೆ ಇಟ್ಟರು. ಅನ್ನ, ಹುರಿದ ಸಣ್ಣ ಒಣ ಮೀನು, ಬಟ್ಟಲಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿದ ವಿನೆಗರು.

ಹುರಿದ ಒಣ ಮೀನಿನ ಆ ವಾಸನೆ ಪೈವಳಿಕೆಯ ನಮ್ಮ ಅಡುಗೆಕೋಣೆಯದ್ದೇ. ನನಗೆ ಅಮ್ಮನ ಎರಡನೇ ಕೆಲಸ ನೆನಪಾಯಿತು.

"ಇದಾ ಅವನಿಗೆ ಇಷ್ಟ?" ಎಂದು ಕೇಳಿದೆ.

ನಾನಾಯ್ ತಿರುಗಿದರು. "ನಿನಗೆ ಯಾಕೆ?"

ಇದ್ದದ್ದನ್ನು ಹೇಳಿದೆ. ನಮ್ಮ ಅಮ್ಮ ನಿಮ್ಮ ಮಗನಿಗೂ ಎಲೆ ಹಾಕಿ ಬಡಿಸುತ್ತಾರೆ. ನಮ್ಮ ಮನೆಯ ಸತ್ತವರ ಸಾಲಿನಲ್ಲಿ. ಇವತ್ತು ವರ್ಷವೆಂದು ಇವತ್ತೂ ಬಡಿಸಿರುತ್ತಾರೆ. ಎಂತ ಬಡಿಸಬೇಕೆಂದು ತಿಳಿಯದೆ ಕಂಡದ್ದು ಬಡಿಸುತ್ತಿದ್ದಾರೆ.

ಲಿಗಾಯ ಹೇಳುತ್ತ ಹೋದ ಹಾಗೆ ಹೆಂಗಸರಲ್ಲಿ ಒಬ್ಬಿಬ್ಬರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನಾನಾಯ್ ಮಾಡಿಕೊಳ್ಳಲಿಲ್ಲ.

"ಅಲ್ಲೊಂದು ಎಲೆ, ಇಲ್ಲೊಂದು ತಟ್ಟೆ. ಸತ್ತವನಿಗೆ ಎರಡು ಕಡೆ ಊಟ" ಎಂದರು. "ನಿನ್ನ ತಮ್ಮ ಎಂತ ತಿನ್ನುತ್ತಾನೆ?"

ನಾನು ಕಳಿಸಿದ್ದ ಸುದ್ದಿಯಲ್ಲಿ ಅದನ್ನು ಹೇಳಿರಲಿಲ್ಲ. ಅವನಿಗೆ ಮೈ ಸರಿ ಇಲ್ಲ ಎಂದಷ್ಟೇ ಹೇಳಿದ್ದೆ. ಈಗ ಹೇಳಿದೆ. ಗಂಟಲು. ಗಂಜಿಯ ತಿಳಿ. ಡಾಕ್ಟರು ಹೇಳಿದ್ದು.

ನಾನಾಯ್ ಅವರ ಮುಖ ಕೆಂಪಾಯಿತು. ಆ ಎರಡು ದಿನಗಳಲ್ಲಿ ಅವರು ದನಿ ಏರಿಸಿದ್ದು ಆಗ ಒಮ್ಮೆ ಮಾತ್ರ. ಲಿಗಾಯ ಅವರ ವೇಗಕ್ಕೆ ಸರಿಯಾಗಿ ಹೇಳಲಾರದೆ ತುಂಡು ತುಂಡಾಗಿ ಹೇಳಿದಳು. "ಹಸಿವಾಗಿತ್ತು ಅಂತ ಇಳಿದವನನ್ನು... ನನ್ನ ಮಗ ಮೇಲೆ ಕಳಿಸಿದ್ದು... ಹಸಿದು ಸಾಯಲಿಕ್ಕಾ? ಹಾಗಾದರೆ ಅವನು ಇಳಿದದ್ದು ಯಾಕೆ? ಫೋನ್ ಮಾಡು. ಈಗ ಮಾಡು."

ಮಾಡಿದೆ. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಪರದೆಯಲ್ಲಿ ಅಮ್ಮನ ಹಣೆ ಮಾತ್ರ ಕಂಡಿತು. "ಅಕ್ಕಿ ಮುಟ್ಟಿಸಿದೆಯಾ?" ಎಂದರು.

"ಅದು ಮತ್ತೆ ಹೇಳುತ್ತೇನೆ ಅಮ್ಮ. ಎಲೆ ಹಾಕಿದ್ದೀರಾ?"

"ಹಾಕಿದ್ದೇನೆ, ಬಾಗಿಲು ಮುಚ್ಚಿದ್ದೇನೆ."

"ತೆಗೆಯಿರಿ. ವಸಂತನನ್ನು ಆ ಎಲೆಯ ಮುಂದೆ ಕೂರಿಸಿ."

"ಎಂತ ಮಾತು ಮಗಳೇ ಅದು! ಕುಲೆಗೆ ಬಡಿಸಿದ ಎಲೆಯಲ್ಲಿ ಬದುಕಿದ್ದವನು ಕೂರುವುದುಂಟಾ?"

"ಅವನ ಅಮ್ಮ ಹೇಳುತ್ತಿದ್ದಾರೆ."

ಬಾಗಿಲು ತೆಗೆದ ಸದ್ದು ಕೇಳಿಸಿತು. ಆಮೇಲೆ ಫೋನು ಯಾರದೋ ಕೈಗೆ ಹೋಗಿ, ಮನೆಯ ಮಾಡು, ಗೋಡೆ, ಒಳಕೋಣೆಯ ಕತ್ತಲೆ ಕಂಡು, ದೀಪದ ಬೆಳಕಿನಲ್ಲಿ ಬಾಳೆ ಎಲೆ ಕಂಡಿತು. ಅದರ ಹಿಂದೆ ವಸಂತ ಕೂತ. ನಾನಾಯ್ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮುಖದ ಹತ್ತಿರ ಹಿಡಿದರು. ಅವರು ಅವನನ್ನು ನೋಡುತ್ತಿದ್ದದ್ದು ಅದೇ ಮೊದಲು. ವಸಂತನ ಕೆನ್ನೆಯ ಎಲುಬುಗಳ ಕೆಳಗೆ ನೆರಳು ಬಿದ್ದಿತ್ತು. ಅವನು ಕಪ್ಪು ಬಟ್ಟೆಯನ್ನು ನೋಡಿ ತಲೆ ತಗ್ಗಿಸಿದ.

"ಕಾಯಿನ್ ನಾ" ಎಂದರು ನಾನಾಯ್. ಉಣ್ಣು ಇನ್ನು.

ವಸಂತ ಬೆಚ್ಚಿದ. ಆ ಮಾತಿನ ಉಚ್ಚಾರ ಅವನಿಗೆ ಪರಿಚಯದ್ದು. ಅವನ ಕೈ ಎಲೆಗೆ ಹೋಯಿತು, ನಿಂತಿತು. ತುತ್ತು ಬಾಯಿಗೆ ಹೋಯಿತು. ಅವನು ಏಳಲು ನೋಡಿದ. ನಾನಾಯ್ ಅದೇ ದನಿಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಿದರು. ಅವನು ಕೂತ. ಕತ್ತಿನ ನರಗಳು ಎದ್ದು ಕಂಡವು. ಕಣ್ಣಿನಿಂದ ನೀರು ಇಳಿಯಿತು. ಆಮೇಲೆ ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾವೆಲ್ಲರೂ ನೋಡಿದೆವು. ಹಿಂದಿನಿಂದ ಅಮ್ಮ ದೇವರ ಹೆಸರು ಹೇಳುವುದು ಕೇಳಿಸಿತು.

ಅರ್ಧಕ್ಕೆ ಅವನು ಕೈ ನಿಲ್ಲಿಸಿದ. "ಸಾಕು ಅಕ್ಕ. ಇನ್ನು ಆಗುವುದಿಲ್ಲ."

"ಎಂತ ಹೇಳುತ್ತಾನೆ?" ಎಂದು ನಾನಾಯ್ ಕೇಳಿದರು. ಹೇಳಿದೆ.

"ರೊಮೆಲ್ ತಟ್ಟೆಯಲ್ಲಿ ಬಿಡುತ್ತಿರಲಿಲ್ಲ ಎಂದು ಹೇಳು."

ಅವನು ಮುಗಿಸಿದ. ತುಂಬ ಹೊತ್ತು ಬೇಕಾಯಿತು. ಯಾರೂ ಎದ್ದು ಹೋಗಲಿಲ್ಲ. ಪಾದ್ರಿ ಗೋಡೆಗೆ ಒರಗಿ ನಿಂತು ಪೂರ್ತಿ ನೋಡಿದರು. ಅವರ ತುಟಿ ಅಲ್ಲಾಡುತ್ತಿತ್ತು.

ಫೋನು ನನ್ನ ಕೈಗೆ ಬಂತು. ನಾನಾಯ್ ನನ್ನ ಕಡೆ ನೋಡದೆ ಹೇಳಿದರು: "ದಿನಾ ಫೋನ್ ಮಾಡಲಿಕ್ಕೆ ಹೇಳು. ತಿನ್ನುವುದನ್ನು ನಾನು ನೋಡಬೇಕು. ಕ್ಷಮಿಸಿದ್ದಾರೆ ಎಂದು ಮಾತ್ರ ಹೇಳಬೇಡ. ಅದು ಆಗಿಲ್ಲ. ಊಟ ಬೇರೆ, ಅದು ಬೇರೆ."

ಹೂವಿನ ರವಕೆ ಕುರ್ಚಿಯ ಮೇಲೆ ಮಡಿಸಿದ ಹಾಗೆಯೇ ಇತ್ತು. ಮರುದಿನ ಈಸ್ಟರಿನ ಗಂಟೆಗಳು ಬಾರಿಸುವಾಗ ಅವರು ಕಪ್ಪು ಬಟ್ಟೆಯಲ್ಲೇ ನನ್ನನ್ನು ಬಸ್ಸಿನವರೆಗೆ ಬಿಟ್ಟು, ನನ್ನ ಮಡಿಲಿಗೆ ಒಂದು ಪೊಟ್ಟಣ ಒಣ ಮೀನು ಹಾಕಿದರು.

ಪೈವಳಿಕೆ

ಒಣ ಮೀನನ್ನು ನಮ್ಮ ಕಡೆಯ ಕಸ್ಟಮ್ಸಿನವರು ಮೂಸಿ ನೋಡಿ ಬಿಟ್ಟರು.

ಮಳೆ ಬಂದಿದೆ. ಡಾಕ್ಟರು ಹೇಳಿದ ಮಳೆಗಾಲವನ್ನು ವಸಂತ ಕಂಡ. ಗುಣವಾಗಿದೆ ಎಂದು ನಾನು ಬರೆಯುವುದಿಲ್ಲ. ಕೆಲವು ದಿನ ತಿಂದದ್ದು ಉಳಿಯುತ್ತದೆ, ಕೆಲವು ದಿನ ಹಿತ್ತಲಿಗೆ ಓಡುತ್ತಾನೆ, ಬಂದು ಮತ್ತೆ ಕೂರುತ್ತಾನೆ. ದಿನವೂ ಫೋನನ್ನು ಚೊಂಬಿಗೆ ಒರಗಿಸಿಟ್ಟು ಅದರ ಎದುರು ಉಣ್ಣುತ್ತಾನೆ. ಆ ಕಡೆ ನಾನಾಯ್ ತಮ್ಮ ತಟ್ಟೆ ಹಿಡಿದು ಕೂತಿರುತ್ತಾರೆ. ಒಂದು ಮಾತು ಅವರು ಹೇಳುತ್ತಾರೆ, ಉಣ್ಣು ಎನ್ನುವುದು. ಬೇರೆ ಮಾತಿಲ್ಲ. ಮುಗಿದ ಮೇಲೆ ವಸಂತ ಖಾಲಿ ತಟ್ಟೆಯನ್ನು ಎತ್ತಿ ಫೋನಿನ ಕಡೆ ತಿರುಗಿಸಿ ತೋರಿಸುತ್ತಾನೆ. ಅವರು ನೋಡಿ ತಲೆ ಆಡಿಸಿ ಫೋನ್ ಇಡುತ್ತಾರೆ.

ನಾನು ಪ್ರತಿ ದಿನ ಬಾಗಿಲಲ್ಲಿ ನಿಂತು ಪರದೆಯ ಮೇಲೆ ಅವರ ರವಕೆಯ ಬಣ್ಣವನ್ನು ನೋಡುತ್ತೇನೆ. ನಿನ್ನೆಯೂ ಕಪ್ಪೇ ಇತ್ತು.